ಹಿಟ್ಟಿನೊಳಗಿನ ಬೆಣ್ಣೆ

ಸೊಸೆ ದಪ್ಪಗಿದ್ದಾಳೆ ಎಂಬ ದೂರು ಮಾದಮ್ಮನಿಗೆ ಒಂದು ದಿನವೂ ಇರಲಿಲ್ಲ. ಹೆಣ್ಣು ನೋಡಲು ನರಸೀಪುರಕ್ಕೆ ಹೋದಾಗ ಕಾಫಿ ತಟ್ಟೆ ಹಿಡಿದು ಬಂದ ಇಂದ್ರಾಣಿಯ ತುಂಬಿದ ಕೈಗಳನ್ನು ಕಂಡೇ ಆಕೆ ಗಂಡ ಪುಟ್ಟಬಸವಯ್ಯನ ಪಕ್ಕೆಗೆ ತಿವಿದು, "ಇದೇ ಆಗ್ಲಿ" ಎಂದಿದ್ದಳು. ಬಳೆ ತೊಡಿಸಲು ಸೋಪು ಸವರಬೇಕಾದ ಕೈಗಳು ಅವು. ಅಂಥ ಕೈ ಮನೆಗೆ ಬಂದರೆ ಮನೆಯೂ ತುಂಬಿಕೊಳ್ಳುತ್ತದೆ ಎಂದು ಆಕೆಯ ನಂಬಿಕೆ. ಆಕೆಯ ಲೆಕ್ಕಾಚಾರ ತಪ್ಪಿರಲಿಲ್ಲ. ಇಂದ್ರಾಣಿ ಬಂದ ಮೇಲೆ ನಂಜನಗೂಡಿನ ಆ ಪುಟ್ಟ ತಾರಸಿ ಮನೆಯಲ್ಲಿ ನಗು ಹೆಚ್ಚಾಯಿತು, ಕವನ ಹುಟ್ಟಿದಳು, ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಕಲಸಿಕೊಂಡು ತಿನ್ನುವಷ್ಟು ಹೊಂದಿಕೊಂಡರು.

ದೂರು ಇದ್ದದ್ದು ಮಗ ಪ್ರೇಮ್‌ಕುಮಾರನಿಗೆ. ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿ, ಬೈಕು ಕೊಂಡು, ಶರ್ಟನ್ನು ಪ್ಯಾಂಟಿನೊಳಗೆ ಸೇರಿಸುವುದು ಕಲಿತ ಮೇಲೆ ಅವನ ಕಣ್ಣಿಗೆ ಹೆಂಡತಿ ದಪ್ಪವಾಗಿ ಕಾಣತೊಡಗಿದಳು. "ನೀನು ಹತ್ತಿದ್ರೆ ಹಿಂದಿನ ಟೈರು ಕೂತ್ಕೋತದೆ" ಎನ್ನುತ್ತಿದ್ದ. ಮೊದಮೊದಲು ಎಲ್ಲರೂ ನಕ್ಕರು, ಇಂದ್ರಾಣಿಯೂ ನಕ್ಕಳು. ಎರಡು ಸಾವಿರದ ನಾಲ್ಕರ ಆಯುಧಪೂಜೆಯ ದಿನ ಮಾತ್ರ ಯಾರೂ ನಗಲಿಲ್ಲ. ಫ್ಯಾಕ್ಟರಿಯ ಪೂಜೆಗೆ ಮನೆಮಂದಿಯೆಲ್ಲ ಬರಬಹುದು ಎಂದಿದ್ದರು. ಇಂದ್ರಾಣಿ ರೇಷ್ಮೆ ಸೀರೆ ಉಟ್ಟು ಹೂವು ಮುಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಕವನಳನ್ನು ಮಾತ್ರ ಬೈಕಿನ ಮೇಲೆ ಕೂರಿಸಿಕೊಂಡ.

"ಏನ್ಲಾ ಇದು, ಅವ್ಳು ರೆಡಿಯಾಗಿ ನಿಂತವಳೆ" ಎಂದಳು ಮಾದಮ್ಮ.

"ಜಾಗ ಸಾಲಲ್ಲ ಕಣವ್ವ."

"ನಿಮ್ಮಪ್ಪ ಸೈಕಲ್ಲಲ್ಲಿ ನನ್ನೂ ನಿನ್ನೂ ಕೂರಿಸ್ಕಂಡು ಮುಡುಕುತೊರೆಗಂಟ ತುಳುದ್ರು. ಇಂಜಿನ್ ಇರೋ ಗಾಡೀಲಿ ನಿಂಗೆ ಜಾಗ ಸಾಲ್ದಾ?"

"ಆಗಿನ ಕಾಲ ಬೇರೆ. ಅಲ್ಲಿ ಎಲ್ಲಾರ ಹೆಂಡ್ತೀರೂ ಬತ್ತಾರೆ, ಸುಮ್ನಿರವ್ವ" ಎಂದು ಅವನು ಬೈಕು ಒದ್ದು ಹೊರಟೇಬಿಟ್ಟ. ಇಂದ್ರಾಣಿ ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿಟ್ಟಳು. ಅಡಿಗೆಮನೆಗೆ ಬಂದವಳು, "ಸಾರಿಗೆ ಏನ್ ಹಾಕ್ಲಿ ಅತ್ತೆ?" ಎಂದು ಕೇಳಿದಳು. ಅವಳ ಮುಡಿಯಲ್ಲಿ ಹೂವು ಹಾಗೇ ಇತ್ತು.

ಅದಾದ ಮೇಲೆಯೇ ಆ ನೀಲಿ ಗುಳಿಗೆಗಳು ಮನೆಗೆ ಬಂದದ್ದು. ಪೇಟೆಯಲ್ಲಿ ಹೊಸದಾಗಿ ಬ್ಯೂಟಿ ಪಾರ್ಲರ್ ತೆಗೆದಿದ್ದ ಹೆಂಗಸೊಬ್ಬಳು ಮೈ ಇಳಿಯಲು ಎಂದು ಗುಟ್ಟಾಗಿ ಮಾರುತ್ತಿದ್ದಳು. ಮಾದಮ್ಮನಿಗೆ ಅದೇನೂ ಗೊತ್ತಿಲ್ಲ. ಕೇಳಿದಾಗ ಇಂದ್ರಾಣಿ, "ರಕ್ತ ಕಮ್ಮಿ ಅದೆ ಅತ್ತೆ, ಅದಕ್ಕೆ" ಎಂದಿದ್ದಳು. ಜೊತೆಗೆ ಇನ್ನೊಂದು ಮಾತೂ ಹೇಳಿದ್ದಳು. "ನಂಗೆ ಒಗ್ಗರಣೆ ಹಾಕ್ದೆ ಇಕ್ಕಿ. ಎಣ್ಣೆ, ತುಪ್ಪ, ಬೆಣ್ಣೆ ಏನೂ ಬ್ಯಾಡಿ."

"ಯಾಕವ್ವ?"

"ಬ್ಯಾಡಿ ಅತ್ತೆ, ಅಷ್ಟೇ."

ಮಾದಮ್ಮ ಒಪ್ಪಿಕೊಂಡಳು. ಗಂಡನ ಮಾತಿಗೆ ಬೇಸತ್ತು ಹುಡುಗಿ ಬಾಯಿ ಕಟ್ಟುತ್ತಿದ್ದಾಳೆ, ನಾಲ್ಕು ದಿನ ಮಾಡಿ ಬಿಡುತ್ತಾಳೆ ಎಂದುಕೊಂಡಳು.

ಬಿಡಲಿಲ್ಲ. ಕಾರ್ತಿಕ ಕಳೆಯುವ ಹೊತ್ತಿಗೆ ಇಂದ್ರಾಣಿಯ ಕುಪ್ಪಸಗಳೆಲ್ಲ ದರ್ಜಿಯ ಅಂಗಡಿಗೆ ಹೋಗಿ ಹೊಲಿಗೆ ಒಳಸೇರಿಸಿಕೊಂಡು ಬಂದವು. ಸಂಕ್ರಾಂತಿ ಹೊತ್ತಿಗೆ ಮತ್ತೊಮ್ಮೆ ಹೋದವು. ಮೊದಲಿಗೆ ಚೆನ್ನಾಗಿಯೇ ಕಂಡಳು. ಪ್ರೇಮ್‌ಕುಮಾರ ಒಂದು ಭಾನುವಾರ ಬೈಕಿನಲ್ಲಿ ಕೂರಿಸಿಕೊಂಡು ಮೈಸೂರಿಗೂ ಹೋಗಿಬಂದ. ಆದರೆ ಮೈ ಇಳಿಯುವುದು ಅಲ್ಲಿಗೇ ನಿಲ್ಲಲಿಲ್ಲ. ಕೆನ್ನೆ ಒಳಕ್ಕೆ ಹೋಯಿತು, ಗದ್ದದ ಕೆಳಗೆ ಚರ್ಮ ಜೋತುಬಿತ್ತು, ಬಚ್ಚಲ ತೂಬಿನಲ್ಲಿ ಹಿಡಿ ಹಿಡಿ ಕೂದಲು ಸಿಕ್ಕಿಕೊಳ್ಳತೊಡಗಿತು. ಕಾಲುಂಗುರ ಎಲ್ಲೋ ಕಳಚಿ ಬಿದ್ದು ದಿನವೆಲ್ಲ ಹುಡುಕಿದರು.

ಒಂದು ಶುಕ್ರವಾರ ಅಭ್ಯಂಜನಕ್ಕೆ ಕೂತವಳು ಬೆನ್ನುಜ್ಜಲು ಅತ್ತೆಯನ್ನು ಕರೆದಳು. ಮಾದಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ತೋಳಿನ ಚರ್ಮ ಕೆಳಗೆ ಇಳಿಬಿದ್ದಿತ್ತು. ಹೊಟ್ಟೆಯ ಮೇಲೆ ಮಡಿಕೆ ಮಡಿಕೆಯಾಗಿ ಒಗೆದು ಹಿಂಡಿದ ಬಟ್ಟೆಯ ಹಾಗೆ ಸುಕ್ಕು. ಮೂವತ್ತು ದಾಟಿ ಒಂದೆರಡು ವರ್ಷವಾಗಿದ್ದ ಹುಡುಗಿ. ತನ್ನ ಮೈಯೇ ಇದಕ್ಕಿಂತ ಗಟ್ಟಿಯಾಗಿದೆ ಅನ್ನಿಸಿ ಮಾದಮ್ಮನಿಗೆ ನಾಚಿಕೆಯಾಯಿತು.

"ಅತ್ತೆ, ಇದು ಒಳಕ್ಕೆ ಹೋಯ್ತದಾ?" ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಇಂದ್ರಾಣಿ ಕೇಳಿದಳು. "ಇವ್ರು ಇದನ್ನ ನೋಡಿ ಮುಖ ಆಕಡೆ ತಿರುಗಿಸ್ಕೊಂಡ್ರು. 'ನಮ್ಮವ್ವಂಗಿಂತ ಮುದುಕಿಯಾಗಿದೀಯಲ್ಲೆ' ಅಂದ್ರು."

"ಉಂಡ್ರೆ ಓಯ್ತದೆ ಕಣವ್ವ. ಒಟ್ಟೆ ತುಂಬ ಉಣ್ಣು, ಎಲ್ಲಾ ತುಂಬ್ಕತ್ತದೆ."

"ಊಟನೇ ಸೇರಲ್ಲ ಅತ್ತೆ. ಬಾಯೆಲ್ಲ ಸಪ್ಪೆ. ಏನು ತಿಂದ್ರೂ ಮಣ್ಣು ತಿಂದಂಗಾಯ್ತದೆ."

ಮಾದಮ್ಮ ಬೆನ್ನಿಗೆ ಎಣ್ಣೆ ಹಚ್ಚಿದಳು. ಅಂದು ಮಗನಿಗೆ ಊಟಕ್ಕಿಕ್ಕುವಾಗ, "ದಪ್ಪ ಅವಳೆ ಅಂತ ಕುಣುದ್ಯಲ್ಲ, ಈಗ ನೆಮ್ಮದಿಯಾಯ್ತೇನ್ಲಾ?" ಎಂದು ತಟ್ಟೆ ಕುಕ್ಕಿದಳು. ಅವನು, "ಸಣ್ಣ ಆಗು ಅಂದೆ, ಹಿಂಗಾಗು ಅಂದ್ನಾ?" ಎಂದ. ಪುಟ್ಟಬಸವಯ್ಯ, "ಅನ್ನದ ಮುಂದೆ ಕೂತು ಏನ್ರಲಾ ಇದು" ಎಂದು ಇಬ್ಬರ ಬಾಯನ್ನೂ ಮುಚ್ಚಿಸಿದ.

ಆ ವಾರವೇ ನರಸೀಪುರದಿಂದ ಇಂದ್ರಾಣಿಯ ತಾಯಿ ಮಂಚಮ್ಮ ಬಂದಳು. ಮಗಳನ್ನು ಕಂಡು ಹೊಸ್ತಿಲಲ್ಲೇ ಕುಸಿದು ಕೂತಳು. ಅತ್ತು ಮುಗಿದ ಮೇಲೆ ಬೀಗಿತ್ತಿಯ ಕಡೆ ತಿರುಗಿದಳು.

"ಮಾದಕ್ಕ, ನನ್ನ ಮಗ್ಳಿಗೆ ಒಟ್ಟೆಗೆ ಇಕ್ತಾ ಇದೀರಾ?"

"ಏನಂತ ಮಾತಾಡೀರಿ ಮಂಚಮ್ಮಾರೆ?"

"ನಾನು ತುಂಬಿದ ಮೈಯೋಳ್ನ ಕಳಿಸ್ದೆ. ಈಗ ನೋಡುದ್ರೆ ಸೊರಗಿ ಕಡ್ಡಿಯಾಗವಳೆ. ಸೊಸೆ ಸೊರಗುದ್ರೆ ಜನ ಯಾರ್ನ ಕೇಳಾರು? ಅತ್ತೇನೇ ಅಲ್ವಾ? ಮುಂದಿನ ತಿಂಗ್ಳು ಇವಳಣ್ಣ ಚೆಲುವರಾಜು ಮಗಳು ದೊಡ್ಡೋಳಾದ ಒಸಗೆ. ಇವಳೇ ಸೋದರತ್ತೆ, ಆರತಿ ತಟ್ಟೆ ಇಡ್ಕಂಡು ಎಲ್ಲಾರ ಮುಂದೆ ನಿಂತ್ಕಬೇಕು. ಇಂಗೇ ಕರ್ಕಂಡ್ ಬಂದ್ರೆ ನಮ್ ನೆಂಟ್ರೆಲ್ಲ ನಿಮ್ಮ ಮನೇನ ಏನಂದಾರು, ಯೋಚ್ನೆ ಮಾಡಿ."

ಇಂದ್ರಾಣಿ ನಡುವೆ ಬಂದು, "ಅವ್ವ, ಅತ್ತೇದು ಏನೂ ಇಲ್ಲ, ನಾನೇ ಉಣ್ತಿಲ್ಲ" ಎಂದಳು. ಅತ್ತೆಯ ಎದುರು ಹಾಗೆ ಹೇಳದೆ ಇನ್ನೇನು ಹೇಳಿಯಾಳು ಎಂಬಂತೆ ಮಂಚಮ್ಮ ಮೂಗು ಒರೆಸಿಕೊಂಡಳು. ಬಡತನದಲ್ಲೂ ಬಂದವರಿಗೆ ಇಕ್ಕಿ ಹೆಸರು ಉಳಿಸಿಕೊಂಡಿದ್ದ ಮಾದಮ್ಮನಿಗೆ ಇದಕ್ಕಿಂತ ದೊಡ್ಡ ಏಟು ಬೇರೆ ಇರಲಿಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮಾರನೆ ದಿನ ಹೆಮ್ಮರಗಾಲದಿಂದ ಬೆಣ್ಣೆ ಮಾರಲು ಬರುವ ಚಾಮುಂಡಮ್ಮನ ಹತ್ತಿರ ಮಾದಮ್ಮ ಎಂದಿಗಿಂತ ಹೆಚ್ಚಾಗಿ ಎಮ್ಮೆ ಬೆಣ್ಣೆ ಕೊಂಡಳು. ರಾತ್ರಿಯ ಅಡಿಗೆಗೆ ರಾಗಿ ಹಿಟ್ಟು ತೊಳಸಿ, ಎಲ್ಲರ ಮುದ್ದೆಯನ್ನೂ ಕಟ್ಟಿದ ಮೇಲೆ, ಸೊಸೆಯ ಪಾಲಿನ ಬಿಸಿ ಹಿಟ್ಟನ್ನು ಬೇರೆ ತೆಗೆದು, ನಿಂಬೆ ಗಾತ್ರದ ಬೆಣ್ಣೆ ಹಾಕಿ ನಾದಿದಳು. ಬೆಣ್ಣೆ ಕಣ್ಣಿಗೆ ಕಾಣದಂತೆ ಕರಗಿ ಸೇರಿಹೋಗುವವರೆಗೂ ನಾದಿದಳು. ರಾಗಿ ಹಿಟ್ಟನ್ನು ಅಗಿಯುವವರು ಯಾರು? ಮುರಿದು, ಉಪ್ಪೆಸರಿನಲ್ಲಿ ಹೊರಳಿಸಿ, ನುಂಗುವುದಷ್ಟೇ. ನುಂಗುವ ನಾಲಿಗೆಗೆ ಒಳಗಿನದು ತಿಳಿಯುವುದಿಲ್ಲ. ಅದರಲ್ಲೂ ಇಂದ್ರಾಣಿಯ ನಾಲಿಗೆಗೆ ರುಚಿಯೇ ಸತ್ತಿತ್ತು. ಎಲ್ಲವನ್ನೂ ಬಿಟ್ಟರೂ ಜಿಡ್ಡಿಲ್ಲದ ಊಟವೆಂದು ಅವಳು ಹಿಟ್ಟೊಂದನ್ನು ಮಾತ್ರ ನಂಬಿ ಉಣ್ಣುತ್ತಿದ್ದಳು. ಸೊಸೆಯ ಗಂಟಲಲ್ಲಿ ಆ ತುತ್ತುಗಳು ಇಳಿಯುವುದನ್ನು ನೋಡುತ್ತ ಮಾದಮ್ಮ, ಹಸುಗೂಸಿಗೆ ಉಪಾಯದಿಂದ ಔಷಧಿ ಕುಡಿಸಿದ ತಾಯಿಯಂತೆ ಸಮಾಧಾನಪಟ್ಟಳು.

ನಾಲ್ಕು ದಿನ ಕಳೆಯುವಷ್ಟರಲ್ಲಿ ಇಂದ್ರಾಣಿ ಎಲ್ಲರಿಗಿಂತ ಮೊದಲೆದ್ದು ಹಿತ್ತಲಲ್ಲಿ ಬಟ್ಟೆ ಒಗೆಯತೊಡಗಿದಳು. ಬಿಸಿನೀರು, ಸೋಪಿನ ಪುಡಿ ಹಾಕಿ ಒಳಲಂಗವನ್ನು ಗಸಗಸ ಉಜ್ಜುವಳು. ಊಟ ಮಧ್ಯದಲ್ಲಿ ಬಿಟ್ಟೆದ್ದು ಪಾಯಿಖಾನೆಗೆ ಓಡುವಳು.

"ಏನವ್ವ, ಒಟ್ಟೆ ಕೆಟ್ಟದಾ?"

"ಏನಿಲ್ಲ ಅತ್ತೆ."

ಏನಿಲ್ಲ ಎನ್ನುವಾಗ ಅವಳ ಮುಖ ಕಪ್ಪಿಟ್ಟಿರುತ್ತಿತ್ತು. ಉಪವಾಸದಿಂದ ಕರುಳು ಒಣಗಿ ಹೀಗಾಗಿದೆ, ಜಿಡ್ಡು ಬಿದ್ದರೆ ಸರಿಹೋಗುತ್ತದೆ ಎಂದು ಮಾದಮ್ಮ ತನಗೆ ತಾನೇ ಹೇಳಿಕೊಂಡು ಬೆಣ್ಣೆಯನ್ನು ಇನ್ನೊಂದಿಷ್ಟು ಹೆಚ್ಚಿಸಿದಳು. ಇಂದ್ರಾಣಿ ಉಳಿದದ್ದನ್ನೆಲ್ಲ ಇನ್ನೊಂದಿಷ್ಟು ಕಡಿಮೆ ಮಾಡಿದಳು. ಒಬ್ಬಳು ಹೆಚ್ಚಿಸುತ್ತ, ಒಬ್ಬಳು ಕಡಿಮೆ ಮಾಡುತ್ತ, ಒಂದೇ ಒಲೆಯ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ದಿನ ದೂಡಿದರು.

ಒಸಗೆಯ ಹಿಂದಿನ ದಿನ ಎರಡು ಹೊತ್ತೂ ಹಿಟ್ಟೇ ಆಯಿತು. ನೆಂಟರ ಮುಂದೆ ಮುಖದಲ್ಲಿ ಒಂದಿಷ್ಟು ಕಳೆ ಇರಲಿ ಎಂದು ಮಾದಮ್ಮ ಉಳಿದಿದ್ದ ಬೆಣ್ಣೆಯನ್ನೆಲ್ಲ ನಾದಿ ಹಾಕಿದಳು.

ನರಸೀಪುರದ ಚೆಲುವರಾಜುವಿನ ಮನೆಯ ಮುಂದೆ ಚಪ್ಪರ ಹಾಕಿದ್ದರು. ದೊಡ್ಡವಳಾದ ಹುಡುಗಿಯನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಸೋದರತ್ತೆ ಇಂದ್ರಾಣಿ ಹಾಲುಬಣ್ಣದ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಳು. ಹೆಂಗಸರು ಮೊದಲೇ ಅವಳ ಮುಖ ನೋಡಿ ಗುಸುಗುಸು ಎನ್ನುತ್ತಿದ್ದರು. ಎರಡನೇ ಸುತ್ತು ಬೆಳಗುವಾಗ ಹಿಂದೆ ನಿಂತಿದ್ದ ಯಾರೋ, "ಅಯ್ಯೋ, ಸೀರೆ ನೋಡ್ರವ್ವ" ಎಂದರು. ಸೀರೆಯ ಹಿಂಭಾಗದಲ್ಲಿ ಅಂಗೈಯಗಲದ ಎಣ್ಣೆ ಕಲೆ, ಕಿತ್ತಳೆ ಬಣ್ಣದ್ದು, ಎಲ್ಲರೂ ನೋಡುತ್ತಿದ್ದಂತೆಯೇ ಹರಡುತ್ತಿತ್ತು. ವಾಸನೆಯೂ ಎದ್ದಿತು. ಮುಟ್ಟಲ್ಲ, ಇನ್ನೇನೋ ಎಂಬುದು ಎಲ್ಲರಿಗೂ ತಿಳಿಯಿತು. ಚೆಲುವರಾಜುವಿನ ಹೆಂಡತಿ ಶಾಂತಿ, ಮಗಳಿಗೆ ಸೋಂಕಬಾರದು ಎಂಬಂತೆ ಮುಂದೆ ಬಂದು ಆರತಿ ತಟ್ಟೆಯನ್ನು ನಾದಿನಿಯ ಕೈಯಿಂದ ಕಿತ್ತುಕೊಂಡಳು.

"ಇಷ್ಟು ಸೊರಗಿ, ಮೇಲಿಂದ ಭೇದಿ ಬೇರೆ. ಇದು ಆ ಕಾಯ್ಲೆನೇ ಕಣ್ರವ್ವ" ಎಂದು ಒಬ್ಬಳು ಪಿಸುಗುಟ್ಟಿದಳು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆಲ್ಲ ಏಡ್ಸ್ ಎಂದು ಬರೆಸಿದ್ದ ಕಾಲ ಅದು. ಮೈ ಇಳಿದವರನ್ನೆಲ್ಲ ಜನ ಅದೇ ಕಣ್ಣಿಂದ ನೋಡುತ್ತಿದ್ದರು. ಪಿಸುಮಾತು ಚಪ್ಪರ ದಾಟಿ ಗಂಡಸರ ಕಡೆ ಹೋಯಿತು. ಮಾದಮ್ಮ ಸೆರಗು ಬಿಚ್ಚಿ ಸೊಸೆಯನ್ನು ಮರೆಮಾಡಿಕೊಂಡು ಒಳಗೆ ಕರೆದೊಯ್ದಳು. ಹೊರಗೆ ಬಂದು ಮಗನನ್ನು ಹುಡುಕಿದರೆ ಅವನ ಬೈಕು ಇರಲಿಲ್ಲ. ಹೆಂಡತಿ ಮಗಳನ್ನು ಅಲ್ಲೇ ಬಿಟ್ಟು ಹೋಗಿದ್ದ.

ಇಂದ್ರಾಣಿ ತವರಿನಲ್ಲೇ ಉಳಿದಳು. ಇತ್ತ ಪ್ರೇಮ್‌ಕುಮಾರ, "ರಕ್ತ ಟೆಸ್ಟ್ ಮಾಡಿಸ್ಲಿ, ಆಮೇಲೆ ಕರ್ಕೊಂಡು ಬರೋ ಮಾತು" ಎಂದು ಕೂತ. ಅದು ಕಿವಿಗೆ ಬಿದ್ದು ಚೆಲುವರಾಜು ಕೆರಳಿದ. ಕೊನೆಗೆ ಪುಟ್ಟಬಸವಯ್ಯ ಮಗನನ್ನೂ ಹೆಂಡತಿಯನ್ನೂ ಬಸ್ಸು ಹತ್ತಿಸಿಕೊಂಡು ನರಸೀಪುರಕ್ಕೆ ಹೋದ. ನಡುಮನೆಯಲ್ಲಿ ಚಾಪೆ ಹಾಸಿದರು. ಇಂದ್ರಾಣಿ ಕಂಬಕ್ಕೆ ಒರಗಿ ಕೂತಿದ್ದಳು. ಕವನ ಅವಳ ತೊಡೆಯ ಮೇಲೆ ಮಲಗಿದ್ದಳು.

"ಮೊದ್ಲು ನಿಮ್ಮ ರಕ್ತ ಟೆಸ್ಟ್ ಮಾಡಿಸ್ಕೊಳ್ಳಿ ಭಾವ. ನನ್ನ ತಂಗಿ ಮನೆ ಬಿಟ್ಟು ಹೊರಗೆ ಹೋದವಳಲ್ಲ" ಎಂದ ಚೆಲುವರಾಜು.

"ಮತ್ತೆ ಅವತ್ತು ಆಗಿದ್ದೇನು? ಎಲ್ಲಾರೂ ನೋಡವ್ರೆ."

"ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಅವ್ಳು ತಗೋತಿದ್ದದ್ದು ಮೈ ಇಳಿಸೋ ಗುಳಿಗೆಯಂತೆ. ನಿಮ್ಮ ಮಾತು ಕೇಳಲಾರ್ದೆ ನುಂಗವಳೆ. ಅದು ಉಂಡಿದ್ದ ಜಿಡ್ಡ ಮೈಗೆ ಹಿಡಿಯಕ್ಕೆ ಬಿಡಲ್ವಂತೆ, ಹಂಗೇ ಕೆಳಕ್ಕೆ ತಳ್ತದಂತೆ. ಅದನ್ನ ನುಂಗಿ ಬೆಣ್ಣೆ ತುಪ್ಪ ತಿಂದ್ರೆ ತಡ್ಕೊಳಕ್ಕೆ ಯಾರಿಗೂ ಆಗಲ್ವಂತೆ."

ಮಾದಮ್ಮ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

ಪ್ರೇಮ್‌ಕುಮಾರ ಹೆಂಡತಿಯ ಕಡೆ ತಿರುಗಿದ. "ತಿಂದಿದ್ಯಾ?"

"ಇಲ್ಲ. ಪಾರ್ಲರ್‌ನವ್ಳು ತಿನ್ಬೇಡ ಅಂದಿದ್ಳು. ನಾಲ್ಕೈದು ತಿಂಗಳಿಂದ ಒಂದು ತೊಟ್ಟು ಎಣ್ಣೆ ಬಾಯಿಗಿಟ್ಟಿಲ್ಲ. ಇವಳಾಣೆ." ಇಂದ್ರಾಣಿ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಕೇಳಿದ್ರಾ? ತಿಂದಿಲ್ಲ ಅಂತ ಮಗೀನ ಮೇಲೆ ಆಣೆ ಹಾಕ್ತಾಳೆ. ಜಿಡ್ಡು ತಿನ್ದೆ ಹಂಗಾಗಿದ್ರೆ ಅದು ಗುಳಿಗೇದಲ್ಲ, ಬೇರೆ ಕಾಯ್ಲೇನೇ. ಇಲ್ಲಾಂದ್ರೆ ಸುಳ್ಳು ಹೇಳ್ತಾ ಅವಳೆ. ಎರಡ್ರಲ್ಲಿ ಒಂದು" ಎಂದ ಪ್ರೇಮ್‌ಕುಮಾರ.

ಚೆಲುವರಾಜು ಕೂಡ ತಂಗಿಯ ಮುಖವನ್ನು ಅನುಮಾನದಿಂದ ನೋಡಿದ. ಮಂಚಮ್ಮ, "ತಿಂದಿದ್ರೆ ತಿಂದೆ ಅನ್ನು ಮಗ" ಎಂದು ಬೇಡಿಕೊಂಡಳು. ಇಂದ್ರಾಣಿ ತಲೆಯಾಡಿಸಿದಳು. ಸುಮ್ಮನಿದ್ದುಬಿಟ್ಟರೆ ತನ್ನ ಬೆಣ್ಣೆಯ ಸುದ್ದಿ ಯಾರಿಗೂ ತಿಳಿಯದು ಎಂಬುದು ಮಾದಮ್ಮನಿಗೆ ಗೊತ್ತಿತ್ತು. ಹುಡುಗಿಯ ಹೆಸರು ಮಾತ್ರ ಇನ್ನೆಂದೂ ಮೇಲೇಳದು ಎಂಬುದೂ ಗೊತ್ತಿತ್ತು.

"ತಿಂದವಳೆ" ಎಂದಳು ಮಾದಮ್ಮ. "ಅವಳಿಗೆ ಗೊತ್ತಿಲ್ಲ. ನಾನೇ ತಿನ್ಸಿದ್ದು. ದಿನಾ ಅವಳ ಮುದ್ದೆ ಇಟ್ಟೊಳಗೆ ಬೆಣ್ಣೆ ನಾದಿ ಇಕ್ತಿದ್ದೆ."

ಪ್ರೇಮ್‌ಕುಮಾರ ತಾಯಿಯ ಕಡೆ ತಿರುಗಿದ.

"ಯಾಕವ್ವ?" ಎಂದು ಪುಟ್ಟಬಸವಯ್ಯನೇ ಕೇಳಿದ. ಅವನು ಹೆಂಡತಿಯನ್ನು ಅವ್ವ ಎನ್ನುತ್ತಿದ್ದದ್ದು ತೀರ ಕನಿಕರವಾದಾಗ ಮಾತ್ರ.

"ಸೊಸೇಗೆ ಇಕ್ಕಾಕಿಲ್ಲ ಅಂದ್ರಲ್ಲ ಮಂಚಮ್ಮಾರು. ಅದಕ್ಕೆ. ಅವಳ ಮೈ ನೋಡಕ್ಕಾಯ್ತಿರ್ನಿಲ್ಲ, ಅದಕ್ಕೂ. ಗುಳಿಗೆ ಇಂಥದು ಅಂತ ನಂಗೇನ್ ಗೊತ್ತು? ರಕ್ತಕ್ಕೆ ಅಂದಿದ್ಳು." ಮಗನ ಕಡೆ ತಿರುಗಿದಳು. "ಇನ್ನೊಂದ್ಸಲ ಅವಳ ಮೇಲೆ ಬಾಯಿ ಬುಟ್ಟೀಯೆ ಜ್ವಾಕೆ. ಕಾಯ್ಲೆನೂ ಇಲ್ಲ, ಸುಳ್ಳೂ ಇಲ್ಲ. ಎಲ್ಲಾ ನಂದೇಯ."

ಮಂಚಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಂದ್ರಾಣಿ ಮಾತ್ರ ಅತ್ತೆಯನ್ನೇ ನೋಡುತ್ತಿದ್ದಳು.

"ನಾನು ದಿನಾ ಮುಂಚೆ ಎದ್ದು ಬಟ್ಟೆ ಒಗೀತಿದ್ದದ್ದು ನೀವು ನೋಡ್ತಿದ್ರಲ್ವಾ ಅತ್ತೆ?"

"ನೋಡ್ತಿದ್ದೆ. ಸರಿಓಯ್ತದೆ ಅಂತ ಇನ್ನೊಸಿ ಬೆಣ್ಣೆ ಆಕ್ತಿದ್ದೆ ಕಣವ್ವ."

"ನಾನು ಬ್ಯಾಡ ಅಂದಿದ್ದೆ" ಎಂದಳು ಇಂದ್ರಾಣಿ.

ಅಂದೇ ಸಂಜೆಯ ಬಸ್ಸಿಗೆ ಎಲ್ಲರೂ ನಂಜನಗೂಡಿಗೆ ಹಿಂದಿರುಗಿದರು. ಕವನಳಿಗೆ ಸ್ಕೂಲು ತಪ್ಪುತ್ತಿದೆ ಎಂದು ಇಂದ್ರಾಣಿಯೇ ಮೊದಲು ಬಟ್ಟೆ ಗಂಟು ಕಟ್ಟಿದ್ದಳು. ಕ್ಷಮಿಸಿದಳು ಎಂದುಕೊಂಡು ಮಾದಮ್ಮ ದಾರಿಯುದ್ದಕ್ಕೂ ಕಂಡ ಕಂಡ ದೇವರಿಗೆಲ್ಲ ಕೈಮುಗಿದಳು. ಮನೆಗೆ ಬಂದು ಹಿಟ್ಟಿಗೆ ಎಸರಿಟ್ಟಳು. ಇಂದ್ರಾಣಿ ಅಟ್ಟದ ಮೇಲಿದ್ದ ಸೀಮೆಎಣ್ಣೆ ಸ್ಟೌ ಇಳಿಸಿ ಒರೆಸಿ, ಹಿತ್ತಲ ಬಾಗಿಲ ಹತ್ತಿರ ಇಟ್ಟು, ಪುಟ್ಟ ಪಾತ್ರೆಯಲ್ಲಿ ಒಂದು ಪಾವು ಅಕ್ಕಿ ಬೇಯಿಸಿಕೊಂಡಳು.

"ಇದೇನು ಮಗ?"

"ಸಿಟ್ಟಲ್ಲ ಅತ್ತೆ. ಗಂಟಲಲ್ಲಿ ಇಳಿಯಲ್ಲ."

ಎಲ್ಲರಿಗೂ ಅಡಿಗೆ ಮಾಡುವಾಗ ತರಕಾರಿ ಹೆಚ್ಚಿಕೊಡುತ್ತಿದ್ದಳು, ಎಲ್ಲರಿಗೂ ಬಡಿಸುತ್ತಿದ್ದಳು. ಮಾದಮ್ಮನಿಗೆ ಜ್ವರ ಬಂದಾಗ ತಲೆ ಒತ್ತಿ ಗಂಜಿ ಕುಡಿಸಿದಳು. ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ ತನ್ನ ಪಾತ್ರೆಯ ಅನ್ನ ಉಣ್ಣುತ್ತಿದ್ದಳು. ಪ್ರೇಮ್‌ಕುಮಾರ ಎಷ್ಟು ಮೆತ್ತಗಾದನೆಂದರೆ, ಸಂಜೆ ಬರುವಾಗ ಅವಳಿಗೆಂದು ಬಾಳೆಹಣ್ಣಿನ ಚಿಪ್ಪು ತರತೊಡಗಿದ. "ಬಾ, ಗಾಡೀಲಿ ಹೋಗವ" ಎಂದು ಕರೆದರೂ ಅವಳು ನಡೆದುಕೊಂಡೇ ಪೇಟೆಗೆ ಹೋಗಿಬರುತ್ತಿದ್ದಳು. ಮಾದಮ್ಮ ಬೈದಳು, ಅತ್ತಳು, ಒಂದು ದಿನ ತಾನೂ ಉಪವಾಸ ಕೂತಳು. ಇಂದ್ರಾಣಿ ಪಕ್ಕದಲ್ಲಿ ಕೂತು ತುತ್ತು ಮಾಡಿ ಅತ್ತೆಯ ಬಾಯಿಗಿಟ್ಟಳೇ ಹೊರತು ಅದೇ ತಟ್ಟೆಯಿಂದ ಒಂದು ಅಗುಳನ್ನೂ ಮುಟ್ಟಲಿಲ್ಲ.

ಗುಳಿಗೆ ಬಿಟ್ಟ ಮೇಲೆ ಅವಳ ಮೈ ನಿಧಾನವಾಗಿ ತುಂಬಿಕೊಳ್ಳತೊಡಗಿತು. ಕೂದಲು ಮತ್ತೆ ಮೊಳೆಯಿತು. ತೋಳಿನ ಚರ್ಮ ಮಾತ್ರ ಹಿಂದಿನಂತಾಗಲಿಲ್ಲ, ಮುಖದ ಎರಡು ಗೆರೆ ಹೋಗಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನೆಂಟರ ಮದುವೆಗೆ ಅತ್ತೆ ಸೊಸೆ ಛತ್ರಕ್ಕೆ ಹೋದರು. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರು. ಯಾರೋ ಗುರುತಿಲ್ಲದ ಹುಡುಗರು ಬಡಿಸಿದ ಒಬ್ಬಟ್ಟನ್ನು ಇಂದ್ರಾಣಿ ತುಪ್ಪ ಹಾಕಿಸಿಕೊಂಡು ತಿಂದಳು. ಇನ್ನೊಂದನ್ನೂ ಹಾಕಿಸಿಕೊಂಡಳು. ಮಾದಮ್ಮ ತನ್ನೆಲೆ ಬಿಟ್ಟು ಅವಳ ಕೈಯನ್ನೇ ನೋಡುತ್ತ ಕೂತಿದ್ದಳು. ಎದುರು ಸಾಲಿನ ಮುದುಕಿಯೊಬ್ಬಳು ಇವರನ್ನು ಗುರುತಿಸಿದಳು.

"ಪರ್ವಾಗಿಲ್ಲ ಕಣ ಮಾದಿ. ಓದ್ ವರ್ಷ ಒಸಗೇಲಿ ನೋಡ್ದಾಗ ನಿನ್ ಸೊಸೆ ಉಳ್ಯಾಕಿಲ್ಲ ಅಂದ್ಕಂಡಿದ್ದೆ. ಚೆನ್ನಾಗಿ ಇಕ್ಕಿ ಮೈ ತುಂಬಿಸ್ಬುಟ್ಟಿದೀಯೆ."

ಮಾದಮ್ಮ ಎಲೆಯ ಕಡೆ ಮುಖ ತಗ್ಗಿಸಿದಳು. ಆ ವರ್ಷವಿಡೀ ಸೊಸೆಯ ಹೊಟ್ಟೆಗೆ ತನ್ನ ಕೈಯಿಂದ ಒಂದು ತುತ್ತೂ ಹೋಗಿರಲಿಲ್ಲ. ಅಷ್ಟರಲ್ಲಿ ಇಂದ್ರಾಣಿಯೇ ತಲೆಯೆತ್ತಿ ನಕ್ಕು ಹೇಳಿದಳು.

"ಹೂಂ ಅಜ್ಜಿ. ಎಲ್ಲಾ ನಮ್ಮತ್ತೆ ಕೈ ಊಟ."

ಛತ್ರದಿಂದ ಮನೆಗೆ ನಡೆಯುವಾಗ ಮಾದಮ್ಮ ಸೊಸೆಯ ತೋಳು ಹಿಡಿದುಕೊಂಡಳು. ಜೋಲುಬಿದ್ದ ಮೆತ್ತನೆಯ ಚರ್ಮ ಬೆರಳಿಗೆ ಸಿಕ್ಕಿತು. ಆ ಸುಳ್ಳಿಗಿಂತ ಛತ್ರದಲ್ಲಿ ಅವಳು ಎಲ್ಲರ ಮುಂದೆ ನಿಜ ಹೇಳಿ ತನ್ನ ಮಾನ ಕಳೆದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಮನೆ ಹತ್ತಿರವಾದಾಗ ಧೈರ್ಯ ಮಾಡಿ ಕೇಳಿದಳು.

"ರಾತ್ರಿಗೆ ಒಂದೀಟು ಇಟ್ಟು ಮಾಡ್ತೀನಿ. ನಿನ್ನ ಕಣ್ಣ ಮುಂದೇನೇ ತೊಳಸ್ತೀನಿ. ಇವತ್ತೊಂದಿನ ನನ್ನ ಕೈಲಿ ಉಣ್ಣವ್ವ."

ಇಂದ್ರಾಣಿ ಅತ್ತೆಯ ಕೈ ಬಿಡಿಸಿಕೊಳ್ಳಲಿಲ್ಲ. ನಡೆಯುತ್ತಲೇ ಇದ್ದಳು.

"ಅಕ್ಕಿ ನೆನೆಸಿಟ್ಟು ಬಂದಿದೀನಿ ಅತ್ತೆ" ಎಂದಳು ಮೆಲ್ಲಗೆ, ನೋಯಿಸಬಾರದು ಎಂಬಂತೆ.